653 ನಂಬರಿನ ರೈಲು ಹೋದ ದಾರಿಯಲ್ಲಿ ಒಂದು ಸೈಕಲ್

(ಸಂಚಿಕೆಯ ಆಡಿಯೊದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಎಪಿಸೋಡ್‌ನಲ್ಲಿ ದೆವ್ವ ಇಲ್ಲ. ಯಾಕೆ ಹೇಳ್ತಿದ್ದೀನಿ ಅಂದ್ರೆ, ಫೋನ್‌ನಲ್ಲಿ ಧನುಷ್ಕೋಡಿ ಅಂತ ಟೈಪ್ ಮಾಡಿ ನೋಡಿ. ದೆವ್ವಗಳ ಊರು, ರಾತ್ರಿ ಕೇಳಿಸೋ ರೈಲಿನ ಸದ್ದು, ಸೂರ್ಯ ಮುಳುಗಿದ ಮೇಲೆ ಯಾರೂ ಇರಲ್ಲ, ಹೀಗೇ ಸಾಲುಗಟ್ಟಿ ವಿಡಿಯೋ ಬರ್ತವೆ. ಹಿಂದೆ ಒಂದು ಭಯದ ಮ್ಯೂಸಿಕ್. ನಾನೂ ನೋಡಿದ್ದೀನಿ. ಸುಳ್ಳು ಯಾಕೆ, ಅಲ್ಲಿಗೆ ಹೋಗಬೇಕು ಅನ್ನಿಸಿದ್ದೇ ಅಂಥ ಒಂದು ರೀಲ್ಸ್ ನೋಡಿ. ಆದರೆ ಹೋಗಿ ಬಂದ ಮೇಲೆ, ಅದಕ್ಕಿಂತ ಹೆಚ್ಚಾಗಿ ನಮ್ಮಪ್ಪನಿಗೆ ನನ್ನ ವಿಡಿಯೋ ತೋರಿಸಿದ ಮೇಲೆ, ಆ ರೀಲ್ಸ್‌ಗಳನ್ನು ಮೊದಲಿನ ಹಾಗೆ ನೋಡೋಕೆ ಆಗ್ತಾ ಇಲ್ಲ. ಅದನ್ನೇ ಇವತ್ತು ಹೇಳ್ತೀನಿ.

ನನ್ನ ಹುಚ್ಚು ಏನಂದ್ರೆ ಹಳೇ ರೈಲು ದಾರಿ ಹಿಡಿದು ಸೈಕಲ್ ತುಳಿಯೋದು. ಇದರಲ್ಲಿ ಒಂದು ಲಾಭ ಇದೆ, ಸೈಕಲ್ ಓಡಿಸೋರಿಗೆ ಬೇಗ ಅರ್ಥ ಆಗುತ್ತೆ. ರೈಲಿಗೆ ಏರು ಹತ್ತೋಕೆ ಆಗಲ್ಲ. ಹಾಗಾಗಿ ಹಳಿ ಹಾಕೋರು ಗುಡ್ಡ ಬಂದ್ರೆ ಕಡೀತಾರೆ, ತಗ್ಗು ಬಂದ್ರೆ ಮಣ್ಣು ತುಂಬ್ತಾರೆ. ಹಳಿ ಹೋದ ಮೇಲೂ ಆ ಸಪಾಟು ದಾರಿ ಉಳಿಯುತ್ತೆ. ನ್ಯೂಜಿಲೆಂಡ್‌ನ ಒಟಾಗೊದಲ್ಲಿ 1990ರಲ್ಲಿ ನಿಲ್ಲಿಸಿದ ಒಂದು ರೈಲು ಮಾರ್ಗವನ್ನು 2000ದಲ್ಲಿ 152 ಕಿ.ಮೀ. ಸೈಕಲ್ ದಾರಿ ಮಾಡಿ ಬಿಟ್ಟರು. ಸುರಂಗ, ಸೇತುವೆ ಎಲ್ಲಾ ಹಾಗೇ ಇವೆ. ಅಲ್ಲಿಗೆ ಹೋಗೋಕೆ ನನ್ನ ಹತ್ರ ದುಡ್ಡಿಲ್ಲ, ಅದು ಬೇರೆ ಮಾತು.

ಧನುಷ್ಕೋಡಿ ಲೈನ್ ಆ ಥರದ್ದಲ್ಲ. ಅದನ್ನ ನಷ್ಟ ಆಯ್ತು ಅಂತ ಯಾರೂ ಮುಚ್ಚಲಿಲ್ಲ. ಒಂದು ರಾತ್ರಿಯಲ್ಲಿ ಹೋಯ್ತು.

ಮ್ಯಾಪ್‌ನಲ್ಲಿ ರಾಮೇಶ್ವರ ದ್ವೀಪ ನೋಡಿ. ಶ್ರೀಲಂಕಾ ಕಡೆ ಚಾಚಿದ ಕೈ ಥರ ಕಾಣುತ್ತೆ, ಅದರ ಬೆರಳ ತುದಿ ಧನುಷ್ಕೋಡಿ. ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸಮುದ್ರದ ಮೇಲೆ ಮೂವತ್ತು ಕಿ.ಮೀ. ಆಸುಪಾಸು ಅಷ್ಟೇ. 1914ರ ಫೆಬ್ರವರಿ 24ರಂದು ಪಾಂಬನ್ ರೈಲು ಸೇತುವೆ ಶುರುವಾಯ್ತು, ಹಳಿ ದ್ವೀಪಕ್ಕೆ ದಾಟಿ ಧನುಷ್ಕೋಡಿ ತನಕ ಹೋಯ್ತು. ಮದರಾಸಿನ ಎಗ್ಮೋರ್‌ನಲ್ಲಿ ಟ್ರೇನ್ ಹತ್ತಿ, ಧನುಷ್ಕೋಡಿಯಲ್ಲಿ ಇಳಿದು, ಅಲ್ಲೇ ಕಾಯ್ತಾ ಇರೋ ಉಗಿಹಡಗು ಹತ್ತಿ, ತಲೈಮನ್ನಾರ್‌ನಲ್ಲಿ ಇನ್ನೊಂದು ಟ್ರೇನ್ ಹಿಡಿದರೆ ಕೊಲಂಬೊ. ಎಲ್ಲಕ್ಕೂ ಒಂದೇ ಟಿಕೆಟ್. ಬೋಟ್ ಮೇಲ್ ಅಂತ ಕರೀತಿದ್ರು. ಧನುಷ್ಕೋಡಿಯಲ್ಲಿ ಆಗ ಸ್ಟೇಷನ್, ಬಂದರು, ಕಸ್ಟಮ್ಸ್ ಆಫೀಸು, ಪೋಸ್ಟಾಫೀಸು, ಶಾಲೆ, ಚರ್ಚು ಎಲ್ಲಾ ಇತ್ತು. ನಮ್ಮ ಕಡೆಯಿಂದ ಕಾಶಿ-ರಾಮೇಶ್ವರ ಯಾತ್ರೆಗೆ ಹೋದವರು ಸೇತು ಸ್ನಾನಕ್ಕೆ ಅಂತ ಈ ತುದಿಗೇ ಬರ್ತಿದ್ದರು. ಇಲ್ಲಿಯ ಮರಳು ಗಂಗೆಗೆ, ಅಲ್ಲಿಯ ಗಂಗೆ ಇಲ್ಲಿಯ ಲಿಂಗಕ್ಕೆ, ಅದು ಪದ್ಧತಿ. ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ, ಆ ಟ್ರೇನಲ್ಲಿ ಹೋದವರ ಸುದ್ದಿ ಸಿಕ್ಕರೂ ಸಿಗಬಹುದು.

ಸರಿ, ಸವಾರಿಗೆ ಬರೋಣ. ಹೋದ ಜನವರಿ. ಬೆಂಗಳೂರಿಂದ ಮದುರೆಗೆ ರಾತ್ರಿ ಟ್ರೇನು, ಸೈಕಲ್ ಲಗೇಜ್ ವ್ಯಾನ್‌ನಲ್ಲಿ. ಮದುರೆಯಿಂದ ಮಂಡಪಂ ಊರಿಗೆ ಸುಮಾರು 150 ಕಿ.ಮೀ., ಒಂದೇ ದಿನ ತುಳಿದೆ. ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ನೇರ ರಸ್ತೆ, ಬಿಸಿಲು, ಎರಡೂ ಕಡೆ ಬಳ್ಳಾರಿ ಜಾಲಿ. ನಮ್ಮ ಬಳ್ಳಾರಿಯ ಹೆಸರು ಹೊತ್ತ ಮುಳ್ಳು ರಾಮನಾಡಿನಲ್ಲಿ ನನ್ನ ಟೈರಿಗೆ ಎರಡು ಸಲ ಚುಚ್ಚಿತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಮಂಡಪಂ ಬಿಟ್ಟೆ. ಅಲ್ಲಿಂದ ದ್ವೀಪದ ಕೊನೆಯವರೆಗೆ ಹೆಚ್ಚುಕಡಿಮೆ 40 ಕಿ.ಮೀ. ಮೊದಲು ಸಿಗೋದು 1988ರಲ್ಲಿ ತೆರೆದ ರಸ್ತೆ ಸೇತುವೆ. ಅದರ ಮೇಲೆ ನಿಂತಾಗ ಪಕ್ಕದಲ್ಲಿ, ಕೆಳಗೆ, ರೈಲಿನ ಸೇತುವೆಗಳು ಎರಡು ಕಂಡವು. ಒಂದು 2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸದು. ಹಡಗು ಬಂದರೆ ಅದರ ಮಧ್ಯದ ಭಾಗ ಲಿಫ್ಟ್ ಥರ ನೇರ ಮೇಲಕ್ಕೆ ಹೋಗುತ್ತೆ. ಇನ್ನೊಂದು 1914ರದ್ದು, ತುಕ್ಕು ಹಿಡಿದ ಮುದುಕ. 2022ರ ಡಿಸೆಂಬರ್‌ನಿಂದ ಅದರ ಮೇಲೆ ರೈಲು ಓಡಿಲ್ಲ. ಅಂದರೆ ನಾನು ಹುಡುಕ್ತಾ ಹೋಗಿದ್ದ ಕೈಬಿಟ್ಟ ದಾರಿಯ ಮೊದಲ ತುಂಡು ಇದೇ. ಬೇರೆಲ್ಲಾ ತುಂಡಿಗಿಂತ ಲೇಟಾಗಿ ಕೈಬಿಟ್ಟದ್ದು, ಅಷ್ಟೇ.

ಸೇತುವೆ ದಾಟಿದ ಮೇಲೆ ಪಾಂಬನ್. ಧನುಷ್ಕೋಡಿಗೆ ಹೋಗ್ತಿದ್ದ ಪ್ಯಾಸೆಂಜರ್ ಟ್ರೇನ್ ಇಲ್ಲಿಂದಲೇ ಹೊರಡ್ತಿತ್ತು. ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ, ಇಲ್ಲಿಂದಲೇ ಹಳೇ ಏರಿ ಸಿಗುತ್ತೆ, ಅದರ ಮೇಲೇ ತುಳ್ಕೊಂಡು ಹೋಗಬಹುದು ಅಂದ್ಕೊಂಡಿದ್ದೆ. ಒಂದು ಗಂಟೆ ಸಂದಿಗೊಂದಿ ಸುತ್ತಿದೆ. ಎಲ್ಲೋ ಒಂದು ದಿಬ್ಬ ನೋಡಿ ಇದೇ ಇರಬೇಕು ಅಂತ ಹತ್ತಿದೆ, ಅದು ಯಾರದೋ ತೆಂಗಿನ ತೋಟದ ಬದು. ಅವರ ನಾಯಿ ನನ್ನನ್ನ ಮುಖ್ಯರಸ್ತೆ ತನಕ ಬಿಟ್ಟು ಬಂತು. ಆಮೇಲೆ ಸುಮ್ಮನೆ ರಾಮೇಶ್ವರದ ದಾರಿ ಹಿಡಿದೆ. ಅಲ್ಲಿ ಇಡ್ಲಿ ತಿಂದು, ಎರಡು ಬಾಟಲಿ ನೀರು ತುಂಬಿಸಿಕೊಂಡು ಧನುಷ್ಕೋಡಿ ಕಡೆ ತಿರುಗಿದೆ.

ರಾಮೇಶ್ವರ ದಾಟಿದ ಮೇಲೆ ಊರು ನಿಧಾನಕ್ಕೆ ಮುಗಿದುಹೋಗುತ್ತೆ. ಮೊದಲು ಮನೆ ನಿಲ್ತವೆ, ಆಮೇಲೆ ಮರ. ಒಂದು ಕಡೆ ಕೋದಂಡರಾಮ ದೇವಸ್ಥಾನಕ್ಕೆ ದಾರಿ ಒಡೆಯುತ್ತೆ. 1964ರ ಚಂಡಮಾರುತದಲ್ಲಿ ಉಳಿದ ಕಟ್ಟಡ ಅದು. ಅಲ್ಲಿನ ಹಿನ್ನೀರಲ್ಲಿ ರಾಜಹಂಸಗಳು ನಿಂತಿದ್ದವು, ದೂರದಿಂದ ಗುಲಾಬಿ ಬಣ್ಣದ ಬಟ್ಟೆ ಒಣಹಾಕಿದ ಹಾಗೆ. ಹತ್ತು ನಿಮಿಷ ನೋಡಿದೆ.

ಮುಕುಂದರಾಯರ್ ಚತ್ರಂ ಅಂತ ಒಂದು ಜಾಗ ಇದೆ. 2017ರವರೆಗೆ ಡಾಂಬರು ಅಲ್ಲಿಗೇ ಮುಗೀತಿತ್ತು, ಮುಂದೆ ಮರಳ ಮೇಲೆ ಜೀಪು, ವ್ಯಾನು. ಈಗ ಒಂಬತ್ತೂವರೆ ಕಿ.ಮೀ. ಹೊಸ ರಸ್ತೆ ಇದೆ. ಇಲ್ಲಿಂದ ಸೈಕಲ್‌ನವರಿಗೆ ನಿಜವಾದ ಪರೀಕ್ಷೆ. ಯಾಕಂದ್ರೆ ಗಾಳಿ. ಎಡಕ್ಕೆ ಬಂಗಾಳ ಕೊಲ್ಲಿಯ ನೀರು, ಬಲಕ್ಕೆ ಮನ್ನಾರ್ ಕೊಲ್ಲಿ. ಅಲ್ಲಿನ ಮೀನುಗಾರರು ಎಡಗಡೆಯದನ್ನ ಹೆಣ್ಣು ಕಡಲು, ಬಲಗಡೆಯದನ್ನ ಗಂಡು ಕಡಲು ಅಂತಾರೆ, ಒಂದು ಶಾಂತ ಇನ್ನೊಂದು ಜೋರು ಅಂತ. ಆದರೆ ಜನವರಿಯಲ್ಲಿ ಗಾಳಿ ಈಶಾನ್ಯದ್ದು. ಹಾಗಾಗಿ ಅವತ್ತು ಜೋರಿದ್ದದ್ದು ಹೆಣ್ಣು ಕಡಲೇ. ಹೋಗುವಾಗ ಎಡಕ್ಕೆ ವಾಲಿಕೊಂಡೇ ತುಳೀಬೇಕು, ಗಾಳಿ ಒಂದು ಕ್ಷಣ ನಿಂತರೆ ನೀವು ಎಡಕ್ಕೆ ಬೀಳ್ತೀರಿ. ನನ್ನ ಸ್ಪೀಡು ಗಂಟೆಗೆ ಹನ್ನೆರಡು ಕಿ.ಮೀ. ಟೂರಿಸ್ಟ್ ವ್ಯಾನ್‌ನವರು ಕಿಟಕಿಯಿಂದ ಕೈ ಬೀಸ್ತಿದ್ದರು, ನಾನು ಹ್ಯಾಂಡಲ್ ಬಿಟ್ಟು ಕೈ ಎತ್ತೋ ಸ್ಥಿತಿಯಲ್ಲಿ ಇರಲಿಲ್ಲ.

ಇಷ್ಟು ನಿಧಾನ ಹೋದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಕಾರಲ್ಲಿ ಹೋದವರಿಗೆ ಇದು ಗೊತ್ತಾಗುತ್ತೋ ಇಲ್ವೋ. ಎರಡೂ ಕಡೆಯ ಸಮುದ್ರ ಒಟ್ಟಿಗೇ ಕಾಣುತ್ತೆ, ಮತ್ತೆ ಅವೆರಡೂ ನೀವಿರೋ ಮಟ್ಟದಲ್ಲೇ ಇವೆ. ಹತ್ತೋಕೆ ಒಂದು ಎತ್ತರ ಇಲ್ಲ. ಹಳಿ ಎಲ್ಲಿತ್ತು ಅಂತ ನಾನು ಪಾಂಬನ್‌ನಲ್ಲಿ ಅಷ್ಟು ಹುಡುಕಿದೆನಲ್ಲ, ಇಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಈ ರಸ್ತೆಯಿಂದ ಅದು ತುಂಬಾ ದೂರ ಇರೋಕೆ ಸಾಧ್ಯವೇ ಇಲ್ಲ. ಜಾಗ ಎಲ್ಲಿದೆ?

ಧನುಷ್ಕೋಡಿ ಬಂತು. ರಸ್ತೆ ಪಕ್ಕದಲ್ಲೇ ಚರ್ಚಿನ ಗೋಡೆಗಳು, ಹವಳದ ಕಲ್ಲಲ್ಲಿ ಕಟ್ಟಿದ್ದು, ಸೂರಿಲ್ಲ. ಸ್ಟೇಷನ್ ಅಂತ ಉಳಿದಿರೋದು ಕೆಲವು ಗೋಡೆ, ಕಮಾನು. ಎಂಜಿನ್‌ಗೆ ನೀರು ತುಂಬ್ತಿದ್ದ ಟ್ಯಾಂಕಿನ ಕಂಬಗಳು. ಸೈಕಲ್ ಮರಳಿಗೆ ಇಳಿಸಿದೆ, ನನ್ನ ಸಪೂರ ಟೈರು ನಾಲ್ಕು ಬೆರಳು ಹೂತುಹೋಯ್ತು. ಹೆಗಲ ಮೇಲೆ ಹೊತ್ಕೊಂಡು ನಡೆದೆ. ಕೈಬಿಟ್ಟ ರೈಲು ದಾರಿಯಲ್ಲಿ ಸೈಕಲ್ ಸವಾರಿ ಅಂತ ಹೊರಟವನು ಕೊನೆಗೆ ಸೈಕಲ್ಲನ್ನೇ ಹೊತ್ತ.

ಈಗ ಆ ರಾತ್ರಿಯ ವಿಷಯ. 1964ರ ಡಿಸೆಂಬರ್ 17ರ ಸುಮಾರಿಗೆ ಅಂಡಮಾನ್ ಸಮುದ್ರದ ದಕ್ಷಿಣದಲ್ಲಿ ಹುಟ್ಟಿದ ವಾಯುಭಾರ ಕುಸಿತ ಬಲಿತು ಚಂಡಮಾರುತವಾಗಿ, 22ರ ರಾತ್ರಿ ಇಲ್ಲಿಗೆ ಅಪ್ಪಳಿಸಿತು. ಅವತ್ತು ರಾತ್ರಿ ಪಾಂಬನ್‌ನಿಂದ 653 ನಂಬರಿನ ಪ್ಯಾಸೆಂಜರ್ ಹೊರಟಿತ್ತು. ಲೆಕ್ಕದ ಪ್ರಕಾರ 110 ಪ್ರಯಾಣಿಕರು, ಐದು ಜನ ಸಿಬ್ಬಂದಿ. ಟಿಕೆಟ್ ಇಲ್ಲದವರೂ ಇದ್ದರು, ಸತ್ತವರು ಇನ್ನೂ ಹೆಚ್ಚು ಅಂತಲೂ ಹೇಳ್ತಾರೆ. ಧನುಷ್ಕೋಡಿ ಸ್ಟೇಷನ್‌ಗೆ ಇನ್ನು ಕೆಲವೇ ನೂರು ಗಜ ಇದೆ ಅನ್ನುವಾಗ ಆಳೆತ್ತರಕ್ಕಿಂತ ಮೂರ್ನಾಲ್ಕು ಪಟ್ಟು ಎತ್ತರದ ಅಲೆ ಬಂತು. ಇಡೀ ರೈಲು ಕೊಚ್ಚಿಹೋಯ್ತು. ಯಾರೂ ಉಳಿಯಲಿಲ್ಲ. ಆ ಚಂಡಮಾರುತದಲ್ಲಿ ಒಟ್ಟು ಸತ್ತವರು ಸುಮಾರು 1,800 ಅಂತ ಅಂದಾಜು. ಪಾಂಬನ್ ಸೇತುವೆಯ ಬಹುಪಾಲು ಗರ್ಡರ್‌ಗಳು ಸಮುದ್ರಕ್ಕೆ ಬಿದ್ದವು.

ಸೇತುವೆಯನ್ನ ರಿಪೇರಿ ಮಾಡಿದರು. ಇ. ಶ್ರೀಧರನ್ ಹೆಸರು ಕೇಳಿರ್ತೀರಿ, ಆಮೇಲೆ ಕೊಂಕಣ ರೈಲ್ವೆ, ದೆಹಲಿ ಮೆಟ್ರೊ ಕಟ್ಟಿದವರು. ಆಗ ಅವರಿನ್ನೂ ಯುವ ಎಂಜಿನಿಯರ್. ಆರು ತಿಂಗಳ ಗಡುವಿನ ಕೆಲಸವನ್ನು 46 ದಿನದಲ್ಲಿ ಮುಗಿಸಿದರು. ರಾಮೇಶ್ವರಕ್ಕೆ ಮತ್ತೆ ಟ್ರೇನ್ ಬಂತು. ಧನುಷ್ಕೋಡಿಗೆ ಬರಲಿಲ್ಲ. ಇದು ಜನ ವಾಸ ಮಾಡೋಕೆ ಲಾಯಕ್ಕಲ್ಲ ಅಂತ ಅಂದಿನ ಮದರಾಸ್ ಸರ್ಕಾರ ಘೋಷಿಸಿತು.

ಆದರೆ ಜನ ಇದ್ದಾರೆ. ಇದನ್ನ ಸ್ವಲ್ಪ ಜೋರಾಗಿ ಹೇಳಬೇಕು ಅನ್ಸುತ್ತೆ. ಮೀನುಗಾರರ ಗುಡಿಸಲುಗಳಿವೆ, ಅವುಗಳ ಮೇಲೆ ಸೋಲಾರ್ ಪ್ಯಾನೆಲ್ ಇವೆ, ಮಕ್ಕಳಿದ್ದಾರೆ. ಸುತ್ತಾ ಉಪ್ಪು ನೀರು, ಆದರೆ ಹೆಂಗಸರು ಮರಳಲ್ಲಿ ಕೈಯಲ್ಲೇ ಗುಂಡಿ ತೋಡಿದರೆ ಸಿಹಿನೀರು ಬರುತ್ತೆ. ಮಳೆ ನೀರು ಮರಳಲ್ಲಿ ಇಳಿದು, ಉಪ್ಪು ನೀರಿಗಿಂತ ಹಗುರ ಇರೋದ್ರಿಂದ ಅದರ ಮೇಲೆ ತೇಲ್ತಾ ನಿಂತಿರುತ್ತೆ. ಜಾಸ್ತಿ ಆಳ ತೋಡಿದ್ರೆ ಉಪ್ಪು. ಎಷ್ಟು ತೋಡಬೇಕು ಅಂತ ಗೊತ್ತಿರಬೇಕು.

ಒಬ್ಬರು ಹೆಂಗಸು ಮೀನು ಹುರಿದು ಮಾರ್ತಾ ಇದ್ದರು. ನನ್ನ ತಮಿಳು ಮೆಜೆಸ್ಟಿಕ್ ಮಟ್ಟದ್ದು. ಆದರೂ ಕೇಳಿದೆ, ರಾತ್ರಿ ಇಲ್ಲಿ ದೆವ್ವ ಅಂತಾರಲ್ಲ ಅಂತ. ಅವರು ಬಾಣಲೆಯಿಂದ ತಲೆ ಎತ್ತದೆ ಹೇಳಿದ್ದು ಇಷ್ಟು: "ಪೇಯ್ ಎಲ್ಲಾಂ ಇಲ್ಲೆ, ರೀಲ್ಸ್ ಎಡುಕ್ಕಿರವಂಗದಾನ್ ಇರುಕ್ಕಾಂಗ." ದೆವ್ವ ಗಿವ್ವ ಇಲ್ಲ, ರೀಲ್ಸ್ ಮಾಡೋರು ಮಾತ್ರ ಇದ್ದಾರೆ ಅಂತ. ಆಗ ನನ್ನ ಕೈಯಲ್ಲಿ ಫೋನ್ ಇತ್ತು, ಕ್ಯಾಮೆರಾ ಆನ್ ಇತ್ತು. ಜೇಬಿಗೆ ಹಾಕ್ಕೊಂಡೆ. ಆಮೇಲೆ ಅವರೇ ಹೇಳಿದ್ರು, ಅವರ ಅತ್ತೆ ಆವತ್ತು ರಾತ್ರಿ ಒಂದು ಮರಳು ದಿಬ್ಬದ ಮೇಲೆ ಕೂತು ಬದುಕಿದ್ದಂತೆ. ಕಂಕುಳಲ್ಲಿ ಒಂದು ಮಗು. ಎರಡನೇದರ ಬಗ್ಗೆ ಅತ್ತೆ ಯಾವತ್ತೂ ಮಾತಾಡಲಿಲ್ಲವಂತೆ. ನಾನು ಮುಂದಕ್ಕೆ ಕೇಳಲಿಲ್ಲ. ಮೀನು ತಿಂದು ದುಡ್ಡು ಕೊಟ್ಟೆ.

ಅಲ್ಲಿಂದ ತುದಿ, ಅರಿಚಲ್‌ಮುನೈ, ಇನ್ನು ನಾಲ್ಕೂವರೆ ಕಿ.ಮೀ. ಅಲ್ಲಿ ರಸ್ತೆ ಒಂದು ಸುತ್ತು ಹಾಕಿ ಮುಗಿಯುತ್ತೆ, ಮಧ್ಯೆ ಅಶೋಕ ಸ್ತಂಭ. ನನ್ನ ಫೋನಿಗೆ ಶ್ರೀಲಂಕಾಗೆ ಸ್ವಾಗತ ಅಂತ ಮೆಸೇಜ್ ಬಂತು. ನಗು ಬಂತು, ಆಮೇಲೆ ಡೇಟಾ ಆಫ್ ಮಾಡಿದೆ. ಆಚೆ ದಡದ ಕಥೆ ಗೊತ್ತಾ ನಿಮಗೆ? ತಲೈಮನ್ನಾರ್ ಲೈನ್ ಕೂಡ ಸತ್ತಿತ್ತು, ಅಲ್ಲಿ ಯುದ್ಧದಿಂದ. 1990ರಲ್ಲಿ ನಿಂತುಹೋದ ಅದನ್ನ ನಮ್ಮ ಸರ್ಕಾರಿ ಕಂಪನಿ ಇರ್ಕಾನ್ ಮತ್ತೆ ಕಟ್ಟಿತು, 2015ರ ಮಾರ್ಚ್‌ನಲ್ಲಿ ನಮ್ಮ ಪ್ರಧಾನಿಯೇ ಹೋಗಿ ಬಾವುಟ ತೋರಿಸಿದರು. ಈಗ ಆಚೆ ದಡದ ಕೊನೇ ಸ್ಟೇಷನ್‌ಗೆ ರೈಲು ಬರುತ್ತೆ. ಅದು ಯಾವುದಕ್ಕಾಗಿ ಕಟ್ಟಿದ ಸ್ಟೇಷನ್ನೋ ಆ ಹಡಗೂ ಇಲ್ಲ, ಈಚೆ ದಡದ ರೈಲೂ ಇಲ್ಲ. ಈಚೆ ಕಡೆಗೂ 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ, ರಾಮೇಶ್ವರದಿಂದ ಧನುಷ್ಕೋಡಿಗೆ 17 ಕಿ.ಮೀ. ಚಿಲ್ಲರೆ, 208 ಕೋಟಿ ರೂಪಾಯಿ ಅಂದಾಜು. ನಾನು ಹೋದಾಗ ಹಳಿ ಇರಲಿಲ್ಲ. ಬರಬೇಕಾ ಅಂತ ಕೇಳಿದ್ರೆ, ಆ ಗಾಳಿಯಲ್ಲಿ ನಿಂತು ಎರಡೂ ಸಮುದ್ರ ನೋಡಿದ ಮೇಲೆ, ನನಗೆ ಬೇಡ ಅನ್ಸುತ್ತೆ. ಬರುವವರು ಬಸ್ಸಲ್ಲಿ ಬರ್ತಿದ್ದಾರೆ. ಆ ಮೀನಿನ ಬಾಣಲೆ ಇರೋ ಜಾಗ ಸ್ಟೇಷನ್ನಿನ ಪಕ್ಕಾನೇ ಇದೆ, ಸ್ಟೇಷನ್ ಮತ್ತೆ ಎದ್ದರೆ ಬಾಣಲೆ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಬರುತ್ತೆ. ಇದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಬಹುದು.

ವಾಪಸ್ ಬಂದಿದ್ದರ ಬಗ್ಗೆ ಹೇಳಲ್ಲ. ಗಾಳಿ ಈ ಸಲ ಬಲಗಡೆಯಿಂದ, ಅಷ್ಟೇ ವ್ಯತ್ಯಾಸ.

ಈಗ ನಿಜವಾದ ವಿಷಯ. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಈಗ ಟ್ರ್ಯಾಕ್ ಮೇಂಟೇನರ್ ಅಂತಾರೆ, ಹೆಸರು ಚೆನ್ನಾಗಿದೆ, ಸುತ್ತಿಗೆ ಅಷ್ಟೇ ಭಾರ. ಮೀಟರ್ ಗೇಜ್ ಕಾಲದಿಂದ ಬ್ರಾಡ್‌ಗೇಜ್ ತನಕ ಕೆಲಸ ಮಾಡಿ ರಿಟೈರ್ ಆದವರು. ಮನೆಗೆ ಬಂದು ಟಿವಿಗೆ ಕನೆಕ್ಟ್ ಮಾಡಿ ನನ್ನ ವಿಡಿಯೋ ತೋರಿಸಿದೆ. ಎಡಿಟ್ ಮಾಡಿದ್ದೆ, ಮೇಲೆ ವಾಯ್ಸ್ ಓವರ್ ಹಾಕಿದ್ದೆ. ನಾನು ಹೇಳಿದ್ದು ಎಲ್ಲರೂ ಹೇಳೋ ಕಥೆಯೇ: ಸ್ಟೇಷನ್ ಹತ್ತಿರ ಬಂದಾಗ ಸಿಗ್ನಲ್ ಉರೀತಿರಲಿಲ್ಲ, ಕತ್ತಲೆ, ಡ್ರೈವರ್ ಸ್ವಲ್ಪ ಹೊತ್ತು ಕಾದ, ಉದ್ದಕ್ಕೆ ಶಿಳ್ಳೆ ಹಾಕಿದ, ಕೊನೆಗೆ ಏನಾದ್ರೂ ಆಗ್ಲಿ ಅಂತ ರಿಸ್ಕ್ ತಗೊಂಡು ಮುಂದೆ ಹೋದ.

ಅಪ್ಪ ಅಲ್ಲಿ ನಿಲ್ಲಿಸು ಅಂದರು. ನಿಲ್ಲಿಸಿದೆ.

"ರೈಲಲ್ಲಿ ಇದ್ದೋರಲ್ಲಿ ಎಷ್ಟು ಜನ ಉಳಿದ್ರು?"

ಯಾರೂ ಇಲ್ಲ ಅಂದೆ.

"ಹಂಗಿದ್ರೆ ಅವನು ರಿಸ್ಕ್ ತಗೊಂಡ ಅಂತ ನಿಂಗೆ ಹೇಳಿದೋರು ಯಾರು?"

ನನ್ನ ಹತ್ರ ಉತ್ತರ ಇರಲಿಲ್ಲ. ನಿಜವಾಗ್ಲೂ ಇರಲಿಲ್ಲ. ನಾನು ನೋಡಿದ ಹತ್ತು ವಿಡಿಯೋದಲ್ಲಿ ಹತ್ತರಲ್ಲೂ ಅದೇ ಇತ್ತು, ನಾನು ಹನ್ನೊಂದನೇದು ಮಾಡಿದ್ದೆ. ಎಂಜಿನ್ ಒಳಗೆ ಏನಾಯ್ತು, ಅವರು ಏನು ಯೋಚನೆ ಮಾಡಿದರು, ಯಾರು ನೋಡಿದ್ದಾರೆ? ಶಿಳ್ಳೆ ದೂರದಿಂದ ಯಾರಾದರೂ ಕೇಳಿರಬಹುದು. ತಲೆಯೊಳಗಿನದ್ದು ಹೇಗೆ ಕೇಳುತ್ತೆ?

ಅಪ್ಪ ಆಮೇಲೆ ನಿಯಮ ಹೇಳಿದರು. ರಾತ್ರಿ ಉರಿಯದ ಸಿಗ್ನಲ್ ಅಂದ್ರೆ ಕೆಂಪು ಅಂತಲೇ ಲೆಕ್ಕ. ನಿಲ್ಲಬೇಕು, ಶಿಳ್ಳೆ ಹಾಕಬೇಕು, ಕಾಯಬೇಕು. ಆ ಕಥೆ ನಿಜವೇ ಆಗಿದ್ದರೆ ಡ್ರೈವರ್ ಅಷ್ಟೂ ಮಾಡಿದ್ದಾನೆ. "ಎರಡೂ ಕಡೆ ಸಮುದ್ರ ಅಂದೆ. ನೀರು ಏರ್ತಾ ಇದೆ. ಹಿಂದಕ್ಕೆ ಹೋಗೋಕೆ ಹಳಿ ಇದೆಯೋ ಇಲ್ವೋ ಗೊತ್ತಿಲ್ಲ. ಅಲ್ಲೇ ನಿಂತಿದ್ರೂ ಅಲೆ ಬರ್ತಿತ್ತು. ಸ್ಟೇಷನ್ ಅಂದ್ರೆ ಕಟ್ಟಡ, ಜನ, ಬೆಳಕು. ಅವನು ಸ್ಟೇಷನ್ ಕಡೆ ಹೋಗಿದ್ರೆ ಅದನ್ನ ರಿಸ್ಕ್ ಅಂತೀಯಾ ನೀನು?" ಅಪ್ಪ ಸಾಮಾನ್ಯವಾಗಿ ಇಷ್ಟು ಮಾತಾಡಲ್ಲ.

ಯಾಕೆ ಇಷ್ಟು ಕೋಪ ಅಂತ ನನಗೆ ಆಮೇಲೆ ಗೊತ್ತಾಯ್ತು, ಅಮ್ಮ ನೆನಪಿಸಿದರು. ನಾನು ಚಿಕ್ಕವನಿದ್ದಾಗ ಅಪ್ಪ ಮಲೆನಾಡಿನ ಒಂದು ಘಾಟ್‌ನಲ್ಲಿ ಮಳೆಗಾಲದ ಪೆಟ್ರೋಲ್ ಮಾಡ್ತಿದ್ದರು. ಗೊತ್ತಿಲ್ಲದವರಿಗೆ: ಮಳೆಗಾಲದಲ್ಲಿ ರಾತ್ರಿಯಿಡೀ ಒಬ್ಬ ಮನುಷ್ಯ ಲ್ಯಾಂಪು ಹಿಡ್ಕೊಂಡು ಹಳಿ ಮೇಲೆ ನಡೀತಾನೆ. ಗುಡ್ಡ ಕುಸಿದಿದೆಯಾ, ಮರ ಬಿದ್ದಿದೆಯಾ, ನೀರು ಏರಿ ಕೊರೆದಿದೆಯಾ ನೋಡ್ತಾನೆ. ಕೈಯಲ್ಲಿ ಡಿಟೋನೇಟರ್ ಇರುತ್ತೆ, ಹಳಿಗೆ ಕಟ್ಟಿದ್ರೆ ಚಕ್ರ ಹತ್ತಿದಾಗ ಢಂ ಅನ್ನುತ್ತೆ, ಡ್ರೈವರ್ ಬ್ರೇಕ್ ಹಾಕ್ತಾನೆ. ಒಂದು ರಾತ್ರಿ ಅಪ್ಪನಿಗೆ ಒಂದು ಗುಡ್ಡದ ಮೇಲೆ ಅನುಮಾನ ಬಂತು. ಏನೂ ಬಿದ್ದಿರಲಿಲ್ಲ, ಆದರೆ ನೀರಿನ ಬಣ್ಣ ಬದಲಾಗಿತ್ತಂತೆ, ಕೆಂಪಗೆ ಬರ್ತಿತ್ತು. ಡಿಟೋನೇಟರ್ ಕಟ್ಟಿ ಗಾಡಿ ನಿಲ್ಲಿಸಿದರು. ಮುಕ್ಕಾಲು ಗಂಟೆ. ಗುಡ್ಡ ಬೀಳಲಿಲ್ಲ. ಯಾಕೆ ನಿಲ್ಲಿಸಿದೆ ಅಂತ ಬರಹದಲ್ಲಿ ಉತ್ತರ ಕೊಡು ಅಂತ ಒಬ್ಬ ಮೇಲಿನವರು ಕೇಳಿದರು. ಅಪ್ಪನಿಗೆ ಬರೆಯೋಕೆ ಅಷ್ಟಾಗಿ ಬರ್ತಿರಲಿಲ್ಲ. ಪಕ್ಕದ ಮನೆಯ ಮೇಷ್ಟ್ರ ಕೈಲಿ ಬರೆಸಿ ಕೊಟ್ಟರಂತೆ. ಈಗಲೂ ಅದನ್ನ ಒಂದೇ ಸಾಲಲ್ಲಿ ಹೇಳ್ತಾರೆ: "ಬಿದ್ದಿದ್ರೆ ಮೆಡಲ್ಲು, ಬೀಳ್ಲಿಲ್ಲ ಅದಕ್ಕೆ ಮೆಮೊ."

ಆ ಗುಡ್ಡ ಅವತ್ತೇ ಬಿದ್ದು, ಅಪ್ಪ ನಿಲ್ಲಿಸದೇ ಹೋಗಿದ್ದರೆ? ಅವರ ಬಗ್ಗೆಯೂ ಯಾರೋ ಒಬ್ಬ ನನ್ನಂಥವನು ಮ್ಯೂಸಿಕ್ ಹಾಕಿ, ಗ್ಯಾಂಗ್‌ಮನ್ ನಿದ್ದೆ ಹೋಗಿದ್ದ ಅಂತ ವಾಯ್ಸ್ ಓವರ್ ಕೊಡ್ತಿದ್ದ.

ವಿಡಿಯೋ ಮುಂದಕ್ಕೆ ಓಡಿಸಿದೆ. ಸ್ಟೇಷನ್ ಗೋಡೆ, ನೀರಿನ ಟ್ಯಾಂಕಿನ ಕಂಬಗಳು ಬಂದವು. ಅಪ್ಪ ಮತ್ತೆ ನಿಲ್ಲಿಸಿದರು. ಹತ್ತಿರ ಹೋಗಿ ಟಿವಿ ಮೇಲೆ ಬೆರಳಿಟ್ಟು ಕೇಳಿದರು, ಗ್ಯಾಂಗ್ ಕ್ವಾರ್ಟರ್ಸ್ ಎಲ್ಲಿ?

ಏನು ಕ್ವಾರ್ಟರ್ಸ್ ಅಂದೆ.

"ಮರಳ ಮೇಲೆ ಹಳಿ ಹಾಕಿದಾರೆ. ದಿನಾ ಗಾಳಿ. ದಿನಾ ಮರಳು ಹಳಿ ಮೇಲೆ ಕೂರುತ್ತೆ, ದಿನಾ ಯಾರೋ ತೆಗೀಬೇಕು. ಜಲ್ಲಿ ಮರಳೊಳಗೆ ಇಳೀತಾ ಹೋಗುತ್ತೆ, ಮತ್ತೆ ತುಂಬಬೇಕು. ಉಪ್ಪುಗಾಳಿಗೆ ಬೋಲ್ಟು ಹಿಡ್ಕೊಳುತ್ತೆ. ದೊಡ್ಡ ಗ್ಯಾಂಗ್ ಇಲ್ದೆ ಆ ಲೈನ್ ಒಂದು ವಾರ ನಿಲ್ಲಲ್ಲ. ಅವರು ಹೆಂಡ್ತಿ ಮಕ್ಕಳು ಕಟ್ಕೊಂಡು ಅಲ್ಲೇ ಎಲ್ಲೋ ಇದ್ದಿರ್ಬೇಕು. ನೀನು 110 ಜನ, ಐದು ಜನ ಸಿಬ್ಬಂದಿ ಅಂತೀಯ. ಅದು ಗಾಡಿ ಒಳಗಿನ ಲೆಕ್ಕ. ಇವರು ಯಾವ ಲೆಕ್ಕದಲ್ಲಿ ಬಂದ್ರು?"

ಒಂದು ಸಾವಿರದ ಎಂಟುನೂರು ಅನ್ನೋ ಆ ದೊಡ್ಡ ಅಂದಾಜಿನೊಳಗೆ ಎಲ್ಲೋ ಸೇರಿರಬಹುದು ಅಂದೆ. ಅಪ್ಪ ಏನೂ ಹೇಳಲಿಲ್ಲ. ಹೊರಗೆ ಹೋಗಿ ನನ್ನ ಸೈಕಲ್ ತಿರುಗಿಸಿ ಹಾಕಿ ಚೈನ್ ನೋಡಿದರು. ಉಪ್ಪು, ಮರಳು ಎರಡೂ ಕೂತು ಹಿಡಿದುಕೊಂಡಿತ್ತು. ಸೀಮೆಎಣ್ಣೆ ಇಲ್ವಾ ಮನೇಲಿ ಅಂತ ಕೇಳಿದರು. ಈಗೆಲ್ಲಿ ಸೀಮೆಎಣ್ಣೆ ಸಿಗುತ್ತೆ ಅಪ್ಪ ಅಂದೆ.

ಆ ವಾಯ್ಸ್ ಓವರ್ ಅಳಿಸಿದ್ದೀನಿ. ವಿಡಿಯೋ ಇನ್ನೂ ಹಾಕಿಲ್ಲ.

ನೀವು ಹೋಗೋದಾದ್ರೆ ಕೆಲವು ಮಾತು. ಬೆಳಗ್ಗೆ ಬೇಗ ಹೊರಡಿ, ರಾಮೇಶ್ವರ ಬಿಟ್ಟ ಮೇಲೆ ನೆರಳಿಲ್ಲ. ಸಂಜೆ ಆಗ್ತಿದ್ದ ಹಾಗೆ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸ್ತಾರೆ. ಅಗಲ ಟೈರಿನ ಸೈಕಲ್ ಇದ್ದರೆ ಅದನ್ನೇ ತಗೊಂಡು ಹೋಗಿ, ಟ್ಯೂಬು ಎರಡು ಜಾಸ್ತಿ ಇರಲಿ, ಬಳ್ಳಾರಿ ಜಾಲಿ ಮರೀಬೇಡಿ. ತುದಿಯಲ್ಲಿ ಎರಡು ಸಮುದ್ರ ಸೇರೋ ಕಡೆ ಸೆಳೆತ ಕೆಟ್ಟದ್ದು, ನೀರಿಗೆ ಇಳೀಬೇಡಿ. ಚರ್ಚಿನ ಗೋಡೆಯಿಂದ ಹವಳದ ಕಲ್ಲು ಕಿತ್ತು ಜೇಬಿಗೆ ಹಾಕ್ಕೊಳ್ಳೋರನ್ನ ನಾನೇ ನೋಡಿದೆ, ದಯವಿಟ್ಟು ಬೇಡ. ವಾಪಸ್ ಬಂದ ದಿನವೇ ಸೈಕಲ್ಲನ್ನ ಸಿಹಿನೀರಲ್ಲಿ ತೊಳೀರಿ. ನಾನು ಮೂರು ದಿನ ಬಿಟ್ಟೆ, ಚೈನ್ ಹೋಯ್ತು. ಮತ್ತೆ ಅಲ್ಲಿ ಯಾರನ್ನಾದರೂ ವಿಡಿಯೋ ಮಾಡೋದಾದ್ರೆ ಮೊದಲು ಕೇಳಿ.

ಅಪ್ಪ ಹೋದ ವಾರ ತಾವಾಗೇ ಬಂದು, ಅಲ್ಲಿಗೆ ಹೋಗೋಕೆ ಎಷ್ಟು ಹೊತ್ತು ಆಗುತ್ತೆ ಅಂತ ಕೇಳಿದರು. ಆ ನೀರಿನ ಟ್ಯಾಂಕಿನ ಸುತ್ತಮುತ್ತ ನೋಡಬೇಕಂತೆ. ಕ್ವಾರ್ಟರ್ಸ್ ನೀರಿಂದ ದೂರ ಕಟ್ಟಿರಲ್ಲ, ಪಾಯ ಆದರೂ ಸಿಗಬೇಕು ಅಂತಾರೆ. ಮರಳಲ್ಲಿ ಅರವತ್ತು ವರ್ಷದ ಮೇಲೆ ಏನು ಸಿಗುತ್ತೆ ಅಂತ ನನಗನ್ನಿಸಿದರೂ ಟಿಕೆಟ್ ಮಾಡಿಸಿದ್ದೀನಿ. ಮದುರೆ ತನಕ ಒಂದು ಟ್ರೇನು, ಅಲ್ಲಿಂದ ರಾಮೇಶ್ವರಕ್ಕೆ ಇನ್ನೊಂದು, ಹೊಸ ಸೇತುವೆ ಮೇಲೆ. ಸೈಕಲ್ ಈ ಸಲ ಇಲ್ಲ. ಅಪ್ಪನಿಗೆ ಲೋವರ್ ಬರ್ತ್ ಸಿಕ್ಕಿಲ್ಲ, ಅದೊಂದು ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೀನಿ.